ನವಿಲೋ, ನೀವೋ?

ಪಿಳ್ಳಮ್ಮ ಒಂದು ಮಾತು ಹೇಳಿದ್ದು ನಿಜ. ಅಷ್ಟು ಮಾತ್ರ ಖಚಿತ. ಏನು ಹೇಳಿದರು ಎಂಬುದು ನನಗೆ ಗೊತ್ತಿಲ್ಲ.

ಇದೇನು, ಅಂಕಣ ಶುರು ಮಾಡುವ ರೀತಿಯೇ ಎಂದು ಕೇಳಬೇಡಿ. ಬೇರೆ ರೀತಿ ಹೊಳೆಯುತ್ತಿಲ್ಲ. ಕಳೆದ ತಿಂಗಳು ಒಂದು ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಕಾಂಪೌಂಡಿನ ಈಚೆ ನಾನು ನಿಂತಿದ್ದೆ, ಆಚೆ ಅವರು ನಿಂತಿದ್ದರು. ನಡುವೆ ಎದೆಮಟ್ಟದ ಗೋಡೆ. ಪಕ್ಕದ ರಸ್ತೆಯಲ್ಲಿ ಯಾರದೋ ಬಿಲ್ಡಿಂಗಿಗೆ ಬಂದ ಕಾಂಕ್ರೀಟ್ ಲಾರಿ ರಿವರ್ಸ್ ತೆಗೆದುಕೊಳ್ಳುತ್ತಾ ಕೀಂ ಕೀಂ ಎಂದು ಬಡಿದುಕೊಳ್ಳುತ್ತಿತ್ತು. ಪಿಳ್ಳಮ್ಮನ ಎಡಗೆನ್ನೆಯಲ್ಲಿ ಎಂದಿನಂತೆ ಎಲೆಅಡಿಕೆ. (ಬಲಗೆನ್ನೆ ಇರಬಹುದು. ನೋಡಿ, ಅದೂ ನೆನಪಿಲ್ಲ.) ತಮ್ಮ ಹಿತ್ತಲಿನ ತೋಟದ ಕಡೆ ಕೈ ತೋರಿಸಿ ಅವರು ಹೇಳಿದ ಮಾತಿನಲ್ಲಿ ನನ್ನ ಕಿವಿಗೆ ಸರಿಯಾಗಿ ಬಿದ್ದದ್ದು ಬಾಲ ಮಾತ್ರ.

"...ಬಂದ್ಮ್ಯಾಕೆ ಎಲ್ಲಾ ಓಯ್ತು ಸಾ."

ಯಾರು ಬಂದ ಮೇಲೆ? ತೊಡಕು ಇರುವುದೇ ಅಲ್ಲಿ. "ನವ್ಲ್ ಬಂದ್ಮ್ಯಾಕೆ" ಎಂದರೋ, "ನೀವ್ ಬಂದ್ಮ್ಯಾಕೆ" ಎಂದರೋ?

ಎರಡಕ್ಕೂ ಮೊದಲು ನಕಾರ, ಅದರ ಬೆನ್ನಿಗೇ ವಕಾರ. ಎಲೆಅಡಿಕೆ ತುಂಬಿದ ಬಾಯಿಗೆ, ಲಾರಿ ಸದ್ದು ತುಂಬಿದ ಕಿವಿಗೆ ಎರಡೂ ಒಂದೇ. ನಮ್ಮ ಭಾಷೆಯಾದರೂ ಕೈ ಹಿಡಿಯಬಾರದಿತ್ತೇ? 'ಬಂದವು' ಎಂದಿದ್ದರೆ ನವಿಲು, 'ಬಂದಿರಿ' ಎಂದಿದ್ದರೆ ನಾವು ಎಂದು ಗೊತ್ತಾಗಿಬಿಡುತ್ತಿತ್ತು. 'ಬಂದಮೇಲೆ' ಎನ್ನುವುದು ಮಾತ್ರ ಯಾರು ಬಂದರೂ ಒಂದೇ. ಅದು ಯಾರನ್ನೂ ಬಿಟ್ಟುಕೊಡುವುದಿಲ್ಲ.

ನಗಬೇಡಿ. ಆ ಒಂದು ಪದದ ಹಿಂದೆ ಒಂದು ತೋಟ ಹೋಗಿದೆ.

ನಾವಿರುವುದು ಎಲೆಕ್ಟ್ರಾನಿಕ್ ಸಿಟಿಗೂ ಬೇಗೂರಿಗೂ ನಡುವಿನ ಒಂದು ಹಳೆಯ ಊರಿನಲ್ಲಿ. ಊರು ಎನ್ನಲು ಈಗ ಉಳಿದಿರುವುದು ಒಂದು ಮುನೇಶ್ವರನ ಗುಡಿ, ಒಂದು ಅರಳಿಕಟ್ಟೆ, ನೀರಿಗಿಂತ ನೊರೆ ಹೆಚ್ಚಿರುವ ಒಂದು ಕೆರೆ. ಬಾಕಿಯೆಲ್ಲ ಪಿಜಿ, ಅಪಾರ್ಟ್‌ಮೆಂಟು, ಟೈಲ್ಸ್ ಅಂಗಡಿ. ಪಿಳ್ಳಮ್ಮನದು ಇಲ್ಲಿನ ಮೂಲದ ರೈತರ ಮನೆ. ಹೊಲಗಳು ಹೋಗಿ ಬಹಳ ಕಾಲವಾಯಿತು. ಮಗ ಮಂಜುನಾಥ ರಸ್ತೆಗೆ ಮುಖ ಮಾಡಿ ನಾಲ್ಕಂತಸ್ತಿನ ಪಿಜಿ ಕಟ್ಟಿಸಿದ್ದಾನೆ. ಅವರಿಗೆ ಕೊರತೆಯೇನಿಲ್ಲ, ಆ ಕನಿಕರ ಬೇಡ. ಪಿಜಿಯ ಬೆನ್ನಿಗೂ ನಮ್ಮ ಕಾಂಪೌಂಡಿಗೂ ನಡುವೆ ಒಂದು ಪಟ್ಟಿ ನೆಲ ಉಳಿದಿತ್ತು. ಅದರಲ್ಲಿ ಪಿಳ್ಳಮ್ಮ ದಂಟು, ಬದನೆ, ಮೆಣಸಿನಕಾಯಿ ಬೆಳೆಯುತ್ತಿದ್ದರು. ಶ್ರಾವಣದಲ್ಲಿ ಅವರೆ ಹಾಕುತ್ತಿದ್ದರು.

ನನ್ನ ಬಾಲ್ಕನಿಯಿಂದ ಆ ತೋಟ ಪೂರ್ತಿ ಕಾಣುತ್ತಿತ್ತು. ಬೆಳಿಗ್ಗೆ ಕಾಫಿ ಲೋಟ ಹಿಡಿದು ನಿಂತರೆ ಎಡಕ್ಕೆ ಹೊಸೂರು ರಸ್ತೆಯ ಫ್ಲೈಓವರ್ ಮೇಲೆ ಸಾಲುಗಟ್ಟಿದ ಕಾರುಗಳು, ಕೆಳಗೆ ಬಗ್ಗಿ ಕಳೆ ಕೀಳುವ ಪಿಳ್ಳಮ್ಮ. ಹೆಚ್ಚಾದ ದಂಟನ್ನು ಗೋಡೆಯ ಮೇಲಿಟ್ಟು, "ಸಾ, ತಗಳಿ, ಇವತ್ತು ಮಸ್ಸೊಪ್ಪು ಮಾಡ್ಸಿ" ಎಂದು ಕೂಗುತ್ತಿದ್ದರು. ನಮ್ಮ ಪರಿಚಯ ಶುರುವಾಗಿದ್ದು ಹಾಗೆ.

ಆಮೇಲೆ ನವಿಲುಗಳು.

ಎರಡು ವರ್ಷದ ಹಿಂದೆ ಮೊದಲ ನವಿಲು ನಮ್ಮ ಪಾರ್ಕಿಂಗ್ ಶೆಡ್ಡಿನ ಶೀಟಿನ ಮೇಲೆ ಬಂದು ಕೂತ ದಿನ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಹಬ್ಬ. ನೀರು ಬಂದಿಲ್ಲ, ಲಿಫ್ಟ್ ನಿಂತಿದೆ ಎಂಬ ಸಂದೇಶಗಳ ನಡುವೆ ಸಾಲುಸಾಲು ಫೋಟೋ. 'ಬ್ಲೆಸ್ಡ್' ಎಂದು ಒಬ್ಬರು. 'ನೇಚರ್ ಈಸ್ ಹೀಲಿಂಗ್' ಎಂದು ಇನ್ನೊಬ್ಬರು. ನಾನೂ ಒಂದು ಫೋಟೋ ಹಾಕಿದೆ. (ಗರಿ ಪೂರ್ತಿ ಬಂದಿರಲಿಲ್ಲ, ಆದರೂ ಮೆಚ್ಚಿದರು.) ಮೂರನೇ ಮಹಡಿಯವರೊಬ್ಬರು ದಿನಾ ಶೆಡ್ಡಿನ ಮೇಲೆ ಗೋಧಿ ಚೆಲ್ಲತೊಡಗಿದರು. ಒಂದು ನವಿಲು ಹಲವಾದವು.

ಗೋಧಿ ತಿಂದ ನವಿಲು ಸುಮ್ಮನೆ ಮನೆಗೆ ಹೋಗುತ್ತದೆಯೇ? ಗೋಡೆಯ ಆಚೆ ಎಳೆ ದಂಟು, ಹೂಬಿಟ್ಟ ಅವರೆ. ಶೆಡ್ಡಿನಿಂದ ಒಂದೇ ನೆಗೆತ.

ಮೊದಲ ವರ್ಷ ಅವರೆ ಅರ್ಧ ಹೋಯಿತು. ಮರುವರ್ಷ ಪೂರ್ತಿ. ಪಿಳ್ಳಮ್ಮ ಖಾಲಿ ಎಣ್ಣೆ ಡಬ್ಬವೊಂದನ್ನು ಕೋಲಿನಿಂದ ಬಡಿಯುತ್ತಾ ತೋಟದ ಉದ್ದಕ್ಕೂ ಓಡುತ್ತಿದ್ದರು. "ಥೂ, ನಿನ್ ಮನೆ ಹಾಳಾಗ!" ಎಂದು ಬೈಯುತ್ತಿದ್ದರು. ಆಗ ನಾನು ಬಾಲ್ಕನಿಯಲ್ಲಿ ನಿಂತು ನಕ್ಕಿದ್ದೇನೆ. ನವಿಲಿಗೆ ಮನೆ ಎಲ್ಲಿದೆ, ಹಾಳಾಗಲಿಕ್ಕೆ?

ಕಳೆದ ಶ್ರಾವಣದಲ್ಲಿ ಅವರು ಮತ್ತೆ ಅವರೆ ಹಾಕಿದಾಗ ಮಂಜುನಾಥ ತೋಟದ ಅಂಚಿಗೆ ಬಂದು ನಿಂತ. ನಾನು ಗೋಡೆಯ ಈಚೆ ಕಾರು ಒರೆಸುತ್ತಿದ್ದೆ. ಅಮ್ಮ ಮಗನ ಮಾತು ಹೀಗೆ ನಡೆಯಿತು. (ನನ್ನ ನೆನಪಿನ ಪ್ರಕಾರ. ಅದಕ್ಕೆಷ್ಟು ಬೆಲೆ ಎಂದು ಈಗಾಗಲೇ ಹೇಳಿದ್ದೇನೆ.)

"ಅಮ್ಮ, ಪಿಜಿ ಹುಡುಗ್ರ ಗಾಡಿ ಎಲ್ಲಾ ರೋಡಲ್ಲಿ ನಿಂತವೆ. ನೆನ್ನೆನೂ ಟ್ರಾಫಿಕ್ನೋರು ಎತ್ತಾಕ್ಕೊಂಡು ಹೋದ್ರು. ದಿನಾ ನನ್ ಹತ್ರ ಜಗಳ."

"ಅದ್ಕೆ ನನ್ ಅವರೆ ಮ್ಯಾಲೆ ನಿಲ್ಸು ಅಂತೀಯೇನ್ಲಾ?"

"ಅವರೆ ಎಲ್ಲೈತೆ? ನವ್ಲು ಉಂಡು ಮಿಕ್ಕಿದ್ ಕಡ್ಡೀನ ಅವರೆ ಅಂತಾರಾ?"

"ಈ ಸಲ ಬತ್ತದೆ ನೋಡ್ತಾ ಇರು."

"ಆಯ್ತು, ಬರ್ಲಿ. ಸಂಕ್ರಾಂತಿಗೆ ಈ ತೋಟದ್ ಅವರೇಲಿ ಒಂದ್ ಸಲ ಹಿತಕಬೇಳೆ ಸಾರು ಮಾಡಿ ಇಕ್ಕು. ಆಮೇಲೆ ನಾನು ಈ ಜಾಗದ್ ಸುದ್ದಿಗೇ ಬರಲ್ಲ. ಆಗ್ಲಿಲ್ಲ ಅಂದ್ರೆ ಕಾಂಕ್ರೀಟು. ನೀನೂ ಮಾತಾಡ್ಬಾರ್ದು."

"ಸಾ, ಕೇಳುಸ್ಕಂಡ್ರಾ?" ಪಿಳ್ಳಮ್ಮ ನನ್ನ ಕಡೆ ತಿರುಗಿದರು. "ಇವ್ನು ನಾಳೆ ಇಲ್ಲ ಅಂತಾನೆ. ನೀವೇ ಸಾಕ್ಷಿ."

ಸಾಕ್ಷಿ! ನಾನು ಎಂ.ಎ.ಯಲ್ಲಿ ಇತಿಹಾಸ ಓದಿದವನು. ಅಲ್ಲಿ ನಮಗೆ ಮೊದಲು ಕಲಿಸಿದ್ದೇ ಕಣ್ಣಾರೆ ಕಂಡೆ ಎನ್ನುವವನನ್ನು ನಂಬಬೇಡಿ ಎಂದು. ಆದರೂ ತಲೆಯಾಡಿಸಿದೆ.

ಹೀಗಾಗಿ ಒಂದು ಪಾತ್ರೆ ಸಾರಿನ ಮೇಲೆ ಒಂದು ತೋಟ ನಿಂತಿತು. ಮಂಜುನಾಥ ಕೆಟ್ಟವನಲ್ಲ. ಅವನ ಕಷ್ಟ ಅವನಿಗೆ. ತೋಟ ಹೋದರೆ ಪಿಳ್ಳಮ್ಮನಿಗೆ ಊಟಕ್ಕೇನೂ ತೊಂದರೆಯಾಗುವುದಿಲ್ಲ. ಬೆಳಿಗ್ಗೆ ಎದ್ದು ಹೋಗಿ ನಿಲ್ಲಲು ಒಂದು ಜಾಗ ಇರುವುದಿಲ್ಲ, ಅಷ್ಟೇ. ಅಷ್ಟೇ ಎನ್ನುವುದು ಸುಲಭ.

ಈ ಸಲ ಅವರು ಜಿದ್ದಿಗೆ ಬಿದ್ದರು. ಹಳೆಯ ಸೀರೆಗಳನ್ನು ಚಪ್ಪರದಂತೆ ಕಟ್ಟಿದರು. ದಾರಕ್ಕೆ ಸೀಡಿಗಳನ್ನು ನೇತುಹಾಕಿದರು. (ಒಂದರ ಮೇಲೆ ಮಂಜುನಾಥನ ಮದುವೆ ಎಂದು ಬರೆದಿತ್ತು.) ಹೊತ್ತು ಹುಟ್ಟುವಾಗಿನಿಂದ ಡಬ್ಬ. ಅವರೆ ಬಳ್ಳಿ ಹಬ್ಬಿತು, ಬಿಳಿ ಹೂ ಬಿಟ್ಟಿತು, ಎಳೆ ಕಾಯಿ ಕಚ್ಚಿತು. ಇಬ್ಬನಿ ಬೀಳುವ ಬೆಳಿಗ್ಗೆಗಳಲ್ಲಿ ಸೊಗಡಿನ ವಾಸನೆ ನನ್ನ ಬಾಲ್ಕನಿಗೂ ಬರುತ್ತಿತ್ತು. ಬರುತ್ತಿತ್ತು ಎಂದೇ ನನ್ನ ನೆನಪು.

ಗ್ರೂಪಿನಲ್ಲಿ ದೂರು ಶುರುವಾಯಿತು. ಬೆಳಿಗ್ಗೆ ಆಫೀಸ್ ಕಾಲ್ ನಡುವೆ ಡಬ್ಬದ ಸದ್ದು. ರಾಷ್ಟ್ರಪಕ್ಷಿಗೆ ಹಿಂಸೆ, ಕಂಪ್ಲೇಂಟ್ ಕೊಟ್ಟರೆ ಜೈಲು. ನಮ್ಮ ಅಸೋಸಿಯೇಷನ್ ಸೆಕ್ರೆಟರಿ ನನ್ನ ಬಾಗಿಲು ತಟ್ಟಿದರು. "ಸಾರ್, ಕಂಪ್ಲೇಂಟ್ ಎಲ್ಲಾ ಬೇಡ. ನೀವು ಒಳ್ಳೆ ಕನ್ನಡ ಮಾತಾಡ್ತೀರ. ಪೊಲೈಟ್ ಆಗಿ ಹೇಳ್ಬಿಡಿ."

ಒಳ್ಳೆ ಕನ್ನಡ ಮಾತಾಡುವವನು ಗೋಡೆಯ ಹತ್ತಿರ ಹೋದೆ.

"ಪಿಳ್ಳಮ್ಮೋರೆ, ಬೆಳಿಗ್ಗೆ ಹೊತ್ತು ಸ್ವಲ್ಪ ಸೌಂಡ್ ಕಮ್ಮಿ ಮಾಡೋಕಾಗುತ್ತಾ? ನಮ್ಮವ್ರೆಲ್ಲ ಮನೇಲೇ ಕೂತು ಕೆಲಸ ಮಾಡೋರು."

"ಮನೇಲಿ ಕೂತ್ಕಂಡು ಎಂಥಾ ಕೆಲ್ಸ ಸಾ?"

"ಫೋನಲ್ಲಿ ಮೀಟಿಂಗು. ಮಾತಾಡ್ತಿರ್ತಾರೆ."

"ಮಾತಾಡಾದೇ ಕೆಲ್ಸಾನಾ? ಅಂಗಾರೆ ನಂಗೂ ಒಂದ್ ಕೊಡ್ಸಿ."

ಇಬ್ಬರೂ ನಕ್ಕೆವು. ನಾನು ಬಿಡಲಿಲ್ಲ. "ಆ ಕಡೆ ಅಮೆರಿಕದಲ್ಲಿ ಇರೋರಿಗೂ ನಿಮ್ಮ ಡಬ್ಬ ಕೇಳುತ್ತಂತೆ."

"ಅಮೆರಿಕ್ದೋರ್ಗೆ ಕೇಳ್ತದೆ, ಈ ನವ್ಲ್ ಮುಂಡೇವ್ಕೆ ಮಾತ್ರ ಕೇಳಾಕಿಲ್ವಲ್ಲ ಸಾ!"

ಆಮೇಲೆ ಅವರು ಡಬ್ಬವನ್ನು ನೆಲಕ್ಕಿಟ್ಟರು. "ಆಯ್ತು ಬುಡಿ. ನೀವ್ ಬಂದು ಯೋಳಿದ್ರಲ್ಲ."

ಮರುದಿನದಿಂದ ಡಬ್ಬದ ಸದ್ದಿಲ್ಲ. ಗ್ರೂಪಿನಲ್ಲಿ ನನಗೆ ಕೈಮುಗಿಯುವ ಚಿತ್ರಗಳು ಬಂದವು.

ಮುಂದಿನದನ್ನು ನೀವು ಊಹಿಸಬಲ್ಲಿರಿ. ಸೀರೆಯ ಕೆಳಗೆ ತಲೆ ತಗ್ಗಿಸಿ ನುಗ್ಗುವುದನ್ನು ನವಿಲುಗಳು ಕಲಿತವು. ಒಂದು ವಾರವೋ, ಅದಕ್ಕೂ ಕಡಿಮೆಯೋ. ಅವತ್ತು ಬೆಳಿಗ್ಗೆ ನೋಡಿದರೆ ದಂಟಿನ ಸಾಲಿನಲ್ಲಿ ಗೂಟಗಳಂಥ ಮೋಟು ಕಾಂಡಗಳು. ಬದನೆಕಾಯಿಗಳಿಗೆಲ್ಲ ಕುಕ್ಕಿದ ತೂತು. ಅವರೆಯ ಸೊಪ್ಪು ಹಾಗೇ ಇತ್ತು. ಕಾಯಿಗಳ ಹೊಟ್ಟೆ ಮಾತ್ರ ಸೀಳಿತ್ತು, ಒಳಗೆ ಕಾಳಿರಲಿಲ್ಲ. ಸೀರೆಯೊಂದು ಹರಿದು ನೆಲಕ್ಕೆ ಬಿದ್ದಿತ್ತು. ಅದರ ಮೇಲೆ ಒಂದು ಉದ್ದನೆಯ ಗರಿ. (ಅದರ ಫೋಟೋ ನೋಡಿ ಗ್ರೂಪಿನಲ್ಲಿ ಒಬ್ಬರು ಕೇಳಿದರು: ಆ ಗರಿ ಆಂಟಿ ಕೊಡ್ತಾರಾ, ದೇವರ ಮನೆಗೆ?)

ಡಬ್ಬ ನಿಲ್ಲಿಸಿದ್ದರಿಂದಲೇ ತೋಟ ಹೋಯಿತೇ? ಪುರಾವೆ ಇಲ್ಲ. ಡಬ್ಬ ಬಡಿಯುತ್ತಿದ್ದ ವರ್ಷವೂ ಹೋಗಿತ್ತಲ್ಲ? ಹೀಗೆ ವಾದಿಸುವುದು ನನಗೆ ಚೆನ್ನಾಗಿ ಬರುತ್ತದೆ. ಯೂನಿವರ್ಸಿಟಿಯಲ್ಲಿ ಕಲಿತದ್ದು.

ನಾನು ಕೆಳಗಿಳಿದು ಹೋದೆ. ಆ ಮಾತು ಬಂದದ್ದು ಆಗಲೇ. ಕೀಂ ಕೀಂ ಲಾರಿ, ಎಲೆಅಡಿಕೆ, ತೋಟದ ಕಡೆಗೆ ಚಾಚಿದ ಕೈ. "...ಬಂದ್ಮ್ಯಾಕೆ ಎಲ್ಲಾ ಓಯ್ತು ಸಾ."

ಹೇಳುವಾಗ ಅವರು ಯಾರನ್ನು ನೋಡುತ್ತಿದ್ದರು? ಅದರಿಂದಲಾದರೂ ತಿಳಿಯಬೇಕಿತ್ತು. ಆದರೆ ನನ್ನ ಬೆನ್ನ ಹಿಂದೆಯೇ ಪಾರ್ಕಿಂಗ್ ಶೆಡ್ಡು. ಅದರ ಮೇಲೆ ಗಂಡು ನವಿಲೊಂದು ಕೂತು ಕೊಕ್ಕಿನಿಂದ ರೆಕ್ಕೆ ಸರಿಮಾಡಿಕೊಳ್ಳುತ್ತಿತ್ತು. ಅವರ ಕಣ್ಣಿದ್ದದ್ದು ನನ್ನ ಮೇಲೋ, ನನ್ನ ತಲೆಯ ಮೇಲಿನ ಅದರ ಮೇಲೋ?

ನಾನು ಏನು ಉತ್ತರ ಕೊಟ್ಟೆ ಎಂಬುದು ಚೆನ್ನಾಗಿ ನೆನಪಿದೆ. "ಹೌದು, ಪಾಪ" ಎಂದೆ. ಎರಡಕ್ಕೂ ಹೊಂದುವ ಉತ್ತರ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ತರಕಾರಿ ಹೆಚ್ಚುವುದನ್ನು ನಿಲ್ಲಿಸಲೂ ಇಲ್ಲ. "ನವಿಲು ಅಂತಾನೇ ಅಂದಿರ್ತಾರೆ ರೀ. ನಾವು ಬಂದು ಎಷ್ಟು ವರ್ಷ ಆಯ್ತು? ಆವಾಗೆಲ್ಲ ತೋಟ ಚೆನ್ನಾಗೇ ಇತ್ತಲ್ಲ. ನವಿಲು ತಾನೆ ಈಚೆಗೆ ಬಂದಿರೋದು? ಅವು ಬಂದ್ವು, ತೋಟ ಹೋಯ್ತು. ಇದರಲ್ಲಿ ತಲೆ ಕೆಡಿಸ್ಕೊಳ್ಳೋದೇನಿದೆ?"

ಸರಿಯಾದ ವಾದ. ಮೊದಲು ನಾವು, ಆಮೇಲೆ ನವಿಲು, ಆಮೇಲೆ ನಷ್ಟ. ಒಪ್ಪಿಕೊಂಡೆ. ಒಪ್ಪಿಕೊಂಡ ಕೂಡಲೇ ಒಂದು ವಿಚಿತ್ರ ನಡೆಯಿತು. ನನ್ನ ನೆನಪಿನಲ್ಲಿ ಪಿಳ್ಳಮ್ಮನ ಕಣ್ಣು ಮೆಲ್ಲಗೆ ಮೇಲೆದ್ದು ನವಿಲಿನ ಕಡೆ ಹೋಯಿತು. ಕೆಲವು ದಿನ ಅಲ್ಲೇ ಇತ್ತು. ಆಮೇಲೆ ಒಂದು ಕೆಟ್ಟ ಬೆಳಿಗ್ಗೆ, ಲಿಫ್ಟಿನಲ್ಲಿ ನಿಂತಿದ್ದಾಗ, ಮತ್ತೆ ಇಳಿದು ನನ್ನ ಮುಖಕ್ಕೆ ಬಂತು. ನಿಮಗೂ ಹೀಗಾಗುತ್ತದೆಯೇ? ನೆನಪು ಎಂದು ನಾವು ಇಟ್ಟುಕೊಂಡಿರುವುದು ನಮಗೆ ಬೇಕಾದ ಕಡೆ ತಿರುಗುವ ಟೇಬಲ್ ಫ್ಯಾನೇ?

ಅವರನ್ನೇ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೇಳಲೆಂದೇ ಸಂಕ್ರಾಂತಿಯ ಮರುದಿನ ಎಳ್ಳುಬೆಲ್ಲದ ಪೊಟ್ಟಣ ಹಿಡಿದು ಹೋದೆ. ಪಿಳ್ಳಮ್ಮ ಮೆಟ್ಟಿಲ ಮೇಲೆ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ಬೆರಳ ತುದಿಯಿಂದ ಬೇಳೆ ಪುಟಕ್ಕೆಂದು ಹಾರಿ ತಟ್ಟೆಗೆ ಬೀಳುತ್ತಿತ್ತು.

"ಕೂತ್ಕಳಿ ಸಾ. ಅಂಗ್ಡೀದು ಇವು. ನೆನ್ನೆ ಮಾಡಿದ್ರಾಗೆ ಮಿಕ್ಕಿದ್ದು. ಮೂಸಿ ನೋಡಿ, ಸೊಗಡೇ ಇಲ್ಲ."

ಮೂಸಿದೆ. ನನಗೆ ಸೊಗಡಿದ್ದಂತೆಯೇ ಇತ್ತು. ಹೇಳಲಿಲ್ಲ.

"ನೆನ್ನೆ ಮಂಜಂಗೆ ಇಕ್ದೆ. ನಮ್ ತೋಟದ್ದು ಅಂತ ನಾನೂ ಅನ್ನಲಿಲ್ಲ, ಅಲ್ಲ ಅಂತಾನೂ ಅನ್ನಲಿಲ್ಲ. ಎಲ್ಡು ಸಲ ಆಕುಸ್ಕಂಡ. ಚೆನ್ನಾಗೈತಮ್ಮ ಅಂದ." ಬೇಳೆ ಹಾರುವುದು ನಿಂತಿತು. "ಉಟ್ಟಿದಾಗ್ಲಿಂದ ಒಂದ್ ದಿನ ನನ್ ಅಡಿಗೆ ಚೆನ್ನಾಗೈತೆ ಅಂದೋನಲ್ಲ ಸಾ ಅವ್ನು. ಉಪ್ಪು ಜಾಸ್ತಿ ಅಂತಾನೆ, ಖಾರ ಇಲ್ಲ ಅಂತಾನೆ. ಚೆನ್ನಾಗೈತೆ ಅಂದ ನೋಡಿ, ಆವಾಗ್ಲೇ ತಿಳೀತು ನಂಗೆ. ತೋಟ ಓಯ್ತು ಅಂತ."

ಇಂಥ ಮಾತಿನ ಮುಂದೆ ನನ್ನ ವ್ಯಾಕರಣದ ಪ್ರಶ್ನೆಯನ್ನು ಎಲ್ಲಿ ಇಡುವುದು? 'ಅವತ್ತು ನೀವು ಹೇಳಿದ್ದು ಏಕವಚನದ ನವಿಲೋ, ಬಹುವಚನದ ನಾವೋ' ಎಂದು ಕೇಳಲೇ? ಎಳ್ಳುಬೆಲ್ಲ ಕೊಟ್ಟು ಎದ್ದು ಬಂದೆ.

ಮುಂದಿನ ವಾರ ಜೆಸಿಬಿ ಬಂದು ನೆಲ ಸಮ ಮಾಡಿತು. ಅವರೆಯ ಬೇರು, ಸೀರೆ, ಸೀಡಿ ಎಲ್ಲ ಒಂದೇ ಗುಡ್ಡೆ. ನವಿಲುಗಳು ಶೆಡ್ಡಿನ ಮೇಲೆ ಸಾಲಾಗಿ ಕೂತು ನೋಡಿದವು. ಅದರ ಮಾರನೇ ಬೆಳಿಗ್ಗೆ ಮಂಜುನಾಥ ರಸ್ತೆಯಲ್ಲಿ ನಿಂತು ಫೋನಿನಲ್ಲಿ ಕೂಗಾಡುತ್ತಿದ್ದ. ಕಾಂಕ್ರೀಟ್ ಲಾರಿಯ ಡ್ರೈವರ್‌ಗೆ ದಾರಿ ಸಿಕ್ಕಿರಲಿಲ್ಲ.

"ಅಪಾರ್ಟ್ಮೆಂಟ್ ಹೆಸ್ರು ನಂಗೂ ಬಾಯಿಗ್ ಬರಲ್ಲ ಗುರು, ಏನೋ ಇಂಗ್ಲಿಷಲ್ಲಿ ಇಟ್ಟವ್ರೆ. ನೀನು ಅರಳಿಕಟ್ಟೆ ಹತ್ರ ನಿಲ್ಸಿ ನವಿಲ್‌ದಿಣ್ಣೆ ಎಲ್ಲಿ ಅಂತ ಕೇಳು. ಊರೋರು ಯಾರಾದ್ರೂ ತೋರುಸ್ತಾರೆ. ಹಾ, ನವಿಲ್‌ದಿಣ್ಣೆ, ನವಿಲ್‌ದಿಣ್ಣೆ."

ಹಾಲು ತರಲು ಹೊರಟವನು ನಿಂತೆ. ಅವನು ಫೋನ್ ಇಟ್ಟ ಮೇಲೆ ಕೇಳಿದೆ. "ನವಿಲುದಿಣ್ಣೆ ಅಂದ್ರೆ ಯಾವ್ದು ಮಂಜುನಾಥ್?"

"ನೀವಿರೋದೇ ಸಾರ್!" ಅವನಿಗೆ ನನ್ನ ಪ್ರಶ್ನೆಯೇ ತಮಾಷೆಯಾಗಿತ್ತು. "ನಿಮ್ಮ ಬಿಲ್ಡಿಂಗ್ ನಿಂತಿರೋ ದಿಣ್ಣೆ. ನಮ್ ತಾತನ್ ಕಾಲ್ದಿಂದ ಅಂಗೇ ಅನ್ನೋದು. ಅಲ್ಲಿ ಪೊದೆ ತುಂಬಾ ನವ್ಲು ಇದ್ವು. ನಿಮ್ದು ಎದ್ಮೇಲೆ ಕೆರೆ ಹಿಂದಕ್ಕೆ ಹೋದ್ವು. ಎರಡು ವರ್ಷದ ಹಿಂದೆ ಕೆರೆ ಹಿಂದೂ ಲೇಔಟ್ ಆಯ್ತಲ್ಲ, ಎಲ್ಲಿಗೋಗ್ತವೆ? ವಾಪಸ್ ಬಂದವೆ."

ಒಬ್ಬನ ಮಾತನ್ನು ಹಾಗೇ ನಂಬುವವನಲ್ಲ ನಾನು. ಅವತ್ತೇ ಸಂಜೆ ಅರಳಿಕಟ್ಟೆಯ ಮೇಲೆ ಕೂರುವ ವಯಸ್ಸಾದವರೊಬ್ಬರನ್ನು ವಿಚಾರಿಸಿದೆ. ಮುನೇಶ್ವರನ ಗುಡಿಯ ಪೂಜಾರಿಯನ್ನು ಬೇರೆಯಾಗಿ ವಿಚಾರಿಸಿದೆ. ಒಬ್ಬರಿಗೆ ಇನ್ನೊಬ್ಬರ ಮಾತು ಹೇಳಲಿಲ್ಲ.

ಪಿಳ್ಳಮ್ಮ ಅವತ್ತು ಏನೆಂದರೋ ನನಗೆ ಈಗಲೂ ತಿಳಿಯದು. ಈಗ ಅವರು ಬೆಳಿಗ್ಗೆ ಎದ್ದು ಬಂದು ಪಾರ್ಕಿಂಗಿನ ಕಾಂಕ್ರೀಟಿನ ಅಂಚಿನಲ್ಲಿ ಸ್ವಲ್ಪ ಹೊತ್ತು ನಿಂತು ಒಳಗೆ ಹೋಗುತ್ತಾರೆ. ನಾನು ಬಾಲ್ಕನಿಯಲ್ಲಿ ಕಂಡರೆ ಕೈ ಎತ್ತುತ್ತಾರೆ. ನನಗೋ, ಶೆಡ್ಡಿನ ಮೇಲಿನ ನವಿಲಿಗೋ, ಅದೂ ಅಷ್ಟು ದೂರದಿಂದ ಗೊತ್ತಾಗುವುದಿಲ್ಲ.

ವಿಚಾರಿಸಿ ಖಚಿತಪಡಿಸಿಕೊಂಡಿದ್ದು ಇದೊಂದೇ: ನಾವು ಬರುವುದಕ್ಕೆ ಎಷ್ಟೋ ಮೊದಲಿನಿಂದ ಈ ಜಾಗದ ಹೆಸರು ನವಿಲುದಿಣ್ಣೆ.